ಹೊಣೆ ಒಪ್ಪದ ಪರಿಹಾರ

ಪ್ರಮಾದದಿಂದ ಹೋದರೂ ಹೋದದ್ದು ಜೀವವೇ. ಕೊಂದವನಲ್ಲಿ ದ್ವೇಷವಿರಲಿಲ್ಲ ಎಂಬ ಮಾತು ಅಪರಾಧದ ತೂಕವನ್ನು ತಗ್ಗಿಸಬಹುದು. ಎಚ್ಚರಗೇಡಿತನದ ಹೊಣೆಯನ್ನು ಇಳಿಸಲಾರದು. ವ್ಯಕ್ತಿಗಳ ವಿಷಯದಲ್ಲಿ ಎಲ್ಲರೂ ಒಪ್ಪುವ ಈ ಮಾತನ್ನು ರಾಷ್ಟ್ರಗಳು ತಮಗೆ ಅನ್ವಯಿಸಿಕೊಳ್ಳುತ್ತವೆಯೇ? ಸೈನಿಕರ ಕೈಯಲ್ಲಿ ಪ್ರಯಾಣಿಕ ವಿಮಾನವೊಂದು ನಾಶವಾದಾಗಲೆಲ್ಲ ಈ ಪ್ರಶ್ನೆ ಎದ್ದಿದೆ.

ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗರಾಯರು ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ 1952ರಿಂದ, 1953ರಲ್ಲಿ ನಿಧನರಾಗುವವರೆಗೆ ನ್ಯಾಯಾಧೀಶರಾಗಿದ್ದರು. ಅವರ ಕಾಲಾನಂತರ ಅದೇ ನ್ಯಾಯಾಲಯದ ಮುಂದೆ ಇಂಥದೊಂದು ಮೊಕದ್ದಮೆ ಬಂದಿತು. 1955ರ ಜುಲೈ 27ರಂದು ದಾರಿ ತಪ್ಪಿ ಬಲ್ಗೇರಿಯದ ಗಡಿ ದಾಟಿದ ಇಸ್ರೇಲಿನ ವಿಮಾನವನ್ನು ಆ ದೇಶದ ಯುದ್ಧವಿಮಾನಗಳು ಹೊಡೆದು ಕೆಡವಿದವು. ಒಳಗಿದ್ದ 58 ಮಂದಿಯೂ ಮಡಿದರು. ಇಸ್ರೇಲ್ ನ್ಯಾಯಾಲಯದ ಮೊರೆಹೊಕ್ಕಿತು. ಆದರೆ 1959ರಲ್ಲಿ ನ್ಯಾಯಾಲಯವು ಈ ವ್ಯಾಜ್ಯವನ್ನು ವಿಚಾರಿಸುವ ಅಧಿಕಾರ ತನಗಿಲ್ಲವೆಂದು ತೀರ್ಮಾನಿಸಿತು. ತಪ್ಪು ಯಾರದೆಂಬ ಪ್ರಶ್ನೆ ಚರ್ಚೆಗೇ ಬರಲಿಲ್ಲ.

1988ರ ಜುಲೈ 3ರಂದು, ಇರಾನ್-ಇರಾಕ್ ಯುದ್ಧದ ಕೊನೆಯ ದಿನಗಳಲ್ಲಿ, ಬಂದರ್ ಅಬ್ಬಾಸಿನಿಂದ ದುಬೈಗೆ ಹೊರಟ ಇರಾನ್ ಏರ್ ಸಂಸ್ಥೆಯ 655ನೆಯ ವಿಮಾನವನ್ನು ಅಮೆರಿಕದ ‘ವಿನ್ಸೆನ್ಸ್’ ಯುದ್ಧನೌಕೆಯು ವೈರಿಯ ಯುದ್ಧವಿಮಾನವೆಂದು ಭಾವಿಸಿ ಎರಡು ಕ್ಷಿಪಣಿಗಳನ್ನು ಹಾರಿಸಿತು. 10 ಮಂದಿ ಭಾರತೀಯರೂ ಸೇರಿ 290 ಜನ ಅಸುನೀಗಿದರು. ವಿಮಾನವು ತನಗೆ ಗೊತ್ತುಪಡಿಸಿದ ವಾಯುಮಾರ್ಗದಲ್ಲಿಯೇ ಮೇಲೇರುತ್ತಿತ್ತು. ನೌಕೆಯ ಉಪಕರಣಗಳೂ ಹಾಗೆಯೇ ದಾಖಲಿಸಿದ್ದವು. ಆದರೆ ನೌಕೆಯಲ್ಲಿದ್ದವರು ಅದು ತಮ್ಮತ್ತ ಕೆಳಗಿಳಿಯುತ್ತಿದೆಯೆಂದು ನಂಬಿದರು. ಕಣ್ಣೆದುರಿನ ಸಾಕ್ಷ್ಯವನ್ನು ಭಯ ಮರೆಮಾಡಿತು. ಅಮೆರಿಕವು ವಿಷಾದ ವ್ಯಕ್ತಪಡಿಸಿತಾದರೂ ಅದು ಆತ್ಮರಕ್ಷಣೆಯ ಕ್ರಮವೆಂದೇ ವಾದಿಸಿತು. ಯಾರಿಗೂ ಶಿಕ್ಷೆಯಾಗಲಿಲ್ಲ. ನೌಕೆಯ ಕಪ್ತಾನನಿಗೆ 1990ರಲ್ಲಿ ಸೇವಾಪದಕವೂ ಸಂದಿತು.

ಇರಾನ್ 1989ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿತು. ನಾಗರಿಕ ವಿಮಾನಗಳ ಸುರಕ್ಷತೆಯನ್ನು ಕುರಿತ 1971ರ ಮಾಂಟ್ರಿಯಲ್ ಒಪ್ಪಂದವು ಅದರ ಆಧಾರಗಳಲ್ಲೊಂದು. ತೀರ್ಪು ಹೊರಬೀಳುವ ಮೊದಲೇ, 1996ರ ಫೆಬ್ರವರಿಯಲ್ಲಿ ಉಭಯ ದೇಶಗಳೂ ರಾಜಿಯಾದವು. 248 ಮಂದಿ ಇರಾನಿಯರ ಕುಟುಂಬಗಳಿಗೆ ಅಮೆರಿಕವು 6 ಕೋಟಿ 18 ಲಕ್ಷ ಡಾಲರ್ ಕೊಡಲು ಒಪ್ಪಿತು. ದುಡಿಯುತ್ತಿದ್ದವರಿಗೆ ತಲಾ 3 ಲಕ್ಷ, ದುಡಿಮೆಯಿಲ್ಲದವರಿಗೆ ತಲಾ 1.5 ಲಕ್ಷ ಎಂಬ ಲೆಕ್ಕ. ತಾಯಿಯ ತೊಡೆಯ ಮೇಲಿದ್ದ ಕೂಸಿನ ಬೆಲೆ, ಸಂಪಾದಿಸುತ್ತಿದ್ದ ತಂದೆಯ ಬೆಲೆಯ ಅರ್ಧವಾಯಿತು. ಹಣವನ್ನು ಕೊಟ್ಟದ್ದು ಔದಾರ್ಯದ ನೆಲೆಯಲ್ಲಿ. ಕಾನೂನಿನ ಹೊಣೆಯನ್ನು ಅಮೆರಿಕ ಒಪ್ಪಿಕೊಳ್ಳಲಿಲ್ಲ.

ಆದರೆ ಇತಿಹಾಸವು ಇಷ್ಟಕ್ಕೇ ಮುಗಿಯಲಿಲ್ಲ. 2020ರ ಜನವರಿ 8ರಂದು ಟೆಹರಾನಿನಿಂದ ಕೀವ್ ನಗರಕ್ಕೆ ಹೊರಟ ಉಕ್ರೇನಿನ ಪ್ರಯಾಣಿಕ ವಿಮಾನವನ್ನು ಇರಾನಿನ ಸೇನೆಯೇ ಎರಡು ಕ್ಷಿಪಣಿಗಳಿಂದ ಹೊಡೆದುರುಳಿಸಿತು. ಸತ್ತವರು 176 ಮಂದಿ. ಅವರಲ್ಲಿ ಇರಾನಿಯರೂ ಅನೇಕರಿದ್ದರು. ಮೂರು ದಿನಗಳ ಕಾಲ ಯಂತ್ರದೋಷವೆಂದು ಹೇಳುತ್ತಿದ್ದ ಸರ್ಕಾರವು ಕೊನೆಗೆ ಮನುಷ್ಯನ ತಪ್ಪೆಂದು ಒಪ್ಪಿತು. ಪ್ರತಿ ಮೃತರ ಕುಟುಂಬಕ್ಕೂ ಅದು ಘೋಷಿಸಿದ ಮೊತ್ತ 1.5 ಲಕ್ಷ ಡಾಲರ್. ನೊಂದ ಕುಟುಂಬಗಳು ಸಂಘ ಕಟ್ಟಿಕೊಂಡು, ತಮಗೆ ಬೇಕಾದುದು ಮೊದಲು ಸತ್ಯವೆಂದು ಪಟ್ಟುಹಿಡಿದವು. 2023ರ ಜುಲೈಯಲ್ಲಿ ಕೆನಡ, ಸ್ವೀಡನ್, ಉಕ್ರೇನ್, ಬ್ರಿಟನ್ ದೇಶಗಳು ಅದೇ ಹೇಗ್ ನ್ಯಾಯಾಲಯದಲ್ಲಿ, ಅದೇ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ದಾವೆ ಹೂಡಿದವು. 1989ರಲ್ಲಿ ವಾದಿಯಾಗಿದ್ದ ದೇಶ ಈಗ ಪ್ರತಿವಾದಿ. ಅಂದು ತಾನು ಕೇಳಿದ ನ್ಯಾಯವನ್ನೇ ಇಂದು ಅನ್ಯರು ಅದರಿಂದ ಕೇಳುತ್ತಿದ್ದಾರೆ.

ಕಾನೂನು ಈ ನಡುವೆ ನಿಂತಲ್ಲೇ ನಿಂತಿರಲಿಲ್ಲ. 1983ರಲ್ಲಿ ಸೋವಿಯತ್ ಯುದ್ಧವಿಮಾನವು ದಕ್ಷಿಣ ಕೊರಿಯದ ವಿಮಾನವನ್ನು ಕೆಡವಿ 269 ಜನರನ್ನು ಬಲಿ ತೆಗೆದುಕೊಂಡ ಮೇಲೆ, ಹಾರಾಟದಲ್ಲಿರುವ ನಾಗರಿಕ ವಿಮಾನದ ಮೇಲೆ ಶಸ್ತ್ರ ಪ್ರಯೋಗಿಸಕೂಡದೆಂಬ ವಿಧಿಯನ್ನು 1984ರಲ್ಲಿ ಷಿಕಾಗೋ ಒಪ್ಪಂದಕ್ಕೆ ಸೇರಿಸಲಾಯಿತು. ಅದು ಜಾರಿಗೆ ಬಂದದ್ದು 1998ರಲ್ಲಿ. 2014ರಲ್ಲಿ ಉಕ್ರೇನಿನ ಆಕಾಶದಲ್ಲಿ ಮಲೇಷ್ಯದ ವಿಮಾನವನ್ನು ಉರುಳಿಸಿ 298 ಮಂದಿಯನ್ನು ಕೊಂದ ಪ್ರಕರಣದಲ್ಲಿ, ಈ ವಿಧಿಯ ಆಧಾರದ ಮೇಲೆಯೇ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಂಡಳಿಯು 2025ರ ಮೇ ತಿಂಗಳಲ್ಲಿ ರಷ್ಯವನ್ನು ಹೊಣೆಗಾರನೆಂದು ನಿರ್ಣಯಿಸಿತು. ರಷ್ಯ ಅದನ್ನು ತಿರಸ್ಕರಿಸಿದೆ. ಡಚ್ ನ್ಯಾಯಾಲಯವು 2022ರಲ್ಲಿ ಮೂವರಿಗೆ ಅವರ ಗೈರುಹಾಜರಿಯಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತ್ತು.

ಹಾಗಾದರೆ ಈ ತೀರ್ಪುಗಳಿಂದ ಫಲವೇನು ಎಂದು ಕೇಳುವವರಿದ್ದಾರೆ. ಸತ್ತವರು ಮರಳುವುದಿಲ್ಲ, ನಿಜ. ಆದರೆ ಪರಿಹಾರಧನವು ಸಾಲ ತೀರಿಸಿದ ಲೆಕ್ಕ ಮಾತ್ರ. ತಪ್ಪೊಪ್ಪಿಗೆಯು ಮುಂದಿನ ಕೈಯನ್ನು ತಡೆಯುವ ಎಚ್ಚರ. ಹಣ ಕೊಟ್ಟು ಹೊಣೆಯನ್ನು ತಳ್ಳಿಹಾಕಿದ ದೇಶ ಆ ಎಚ್ಚರವನ್ನು ಕಲಿಯುವುದಿಲ್ಲ. ತನಗಾದ ಗಾಯವನ್ನಷ್ಟೇ ನೆನೆದು ತಾನು ಮಾಡಿದ ಗಾಯವನ್ನು ಮರೆಯುವ ದೇಶವೂ ಅಷ್ಟೆ. ಶತ್ರುವಿನ ತಪ್ಪನ್ನು ಅಳೆಯುವ ಕೋಲಿನಿಂದಲೇ ತನ್ನ ತಪ್ಪನ್ನೂ ಅಳೆದುಕೊಳ್ಳುವುದು ನ್ಯಾಯದ ಮೊದಲ ಮೆಟ್ಟಿಲು. ಇರಾನ್ ಆ ಮೆಟ್ಟಿಲಿನ ಎರಡು ಬದಿಯಲ್ಲಿಯೂ ನಿಂತಿದೆ. ಉಳಿದ ರಾಷ್ಟ್ರಗಳು ಅದನ್ನು ನೋಡಿ ಕಲಿಯಬೇಕಾದುದು ಇದೇ.