ಬಾದಶಹರ ನಾಡಿನಲ್ಲಿ ಶಿಲುಬೆ

ಸುರೇಬಾನದ ಹೆಸರು ಇತಿಹಾಸದ ಗ್ರಂಥಗಳಲ್ಲಿ ಬರುವುದು ಬಹುಮಟ್ಟಿಗೆ ಒಂದೇ ಪ್ರಸಂಗದಿಂದ. 1858ನೆಯ ಇಸವಿಯ ಮೇ 29ರ ರಾತ್ರಿ, ನರಗುಂದದ ಬಾಬಾಸಾಹೇಬ ಭಾವೆಯವರು ತಮ್ಮ ದಂಡಿನೊಡನೆ ಬಂದು, ಇಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಕೊಲ್ಲಿಸಿದರು. ಅವನ ಶಿರಸ್ಸು ನರಗುಂದದ ಕೋಟೆಬಾಗಿಲಿಗೆ ಏರಿತು. ಎರಡು ವಾರ ಕಳೆಯುವಷ್ಟರಲ್ಲಿ, ಜೂನ್ 12ರಂದು, ಬಾಬಾಸಾಹೇಬರಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. ಸುರೇಬಾನದ ಬಳಿಯ ಶಬರಿಕೊಳ್ಳಕ್ಕೆ ಬರುವ ಯಾತ್ರಿಕರಿಗೆ ಈ ಸಂಗತಿ ನೆನಪಿರಬೇಕಾದ ಕಾರಣವಿಲ್ಲ. ಆದರೆ ಗ್ರಂಥಕಾರರಿಗೆ ಇದೊಂದೇ ನೆನಪು. ವಿದೇಶದಿಂದ ಬಂದವನೊಬ್ಬನು ಈ ಸೀಮೆಯಲ್ಲಿ ಕಾಲಿಟ್ಟನೆಂದರೆ ಅದು ಖಡ್ಗದ ಅಥವಾ ಕಂದಾಯದ ಕಥೆಯೇ ಆಗಿರಬೇಕೆಂಬ ಭಾವನೆ ಇದರಿಂದ ಬಲಿಯುವುದು ಸಹಜ. ಆದರೆ ಮ್ಯಾನ್ಸನ್ನನಿಗಿಂತ ಮುನ್ನೂರು ವರ್ಷಗಳ ಹಿಂದೆಯೇ, ಪಡುವಣ ಕಡಲಿನಿಂದ ಘಟ್ಟವನ್ನೇರಿ, ಕೈಯಲ್ಲಿ ಜಪಮಾಲೆಯ ಹೊರತು ಬೇರೆ ಆಯುಧವಿಲ್ಲದೆ, ಮುಸಲ್ಮಾನ ಬಾದಶಹರ ಆಳ್ವಿಕೆಯ ಕನ್ನಡ ನಾಡಿನೊಳಕ್ಕೆ ಬಂದವರಿದ್ದರು. ಅವರ ವೃತ್ತಾಂತವನ್ನರಸಿ ಹೊರಟವನು ಸುರೇಬಾನದಿಂದ ಮೂಡಲಿಗೆ, ಮಲಪ್ರಭೆಯನ್ನೂ ಬಾದಾಮಿಯ ಬಂಡೆಗಳನ್ನೂ ದಾಟಿ, ಮುದಗಲ್ಲಿನವರೆಗೆ ಹೋಗಬೇಕಾಗುತ್ತದೆ.

ಮುದಗಲ್ಲು ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಣ ದೋ ಆಬಿನ ಕೋಟೆ. ವಿಜಯನಗರಕ್ಕೂ ಬಹಮನಿಗೂ, ಆಮೇಲೆ ವಿಜಯನಗರಕ್ಕೂ ಬಿಜಾಪುರಕ್ಕೂ, ಇನ್ನೂರು ವರ್ಷಗಳ ಕಾಲ ನಡೆದ ಕಲಹಗಳಲ್ಲಿ ಈ ಕೋಟೆ ಎಷ್ಟು ಬಾರಿ ಕೈಬದಲಾಯಿತೆಂಬುದನ್ನು ಎಣಿಸುವುದು ಬೇಸರದ ಕೆಲಸ. 1520ರಲ್ಲಿ ರಾಯಚೂರಿಗಾಗಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಹನೊಡನೆ ಹೋರಾಡಿದಾಗ, ಕೋಟೆಯ ಮೇಲಿದ್ದ ಕಾವಲುಗಾರರನ್ನು ಗುಂಡಿಟ್ಟು ಕೆಡವಿದವರು ಕ್ರಿಸ್ತೋವಾವ್ ದ ಫಿಗೆರೇದೊ ಎಂಬ ಪೋರ್ತುಗೀಸನೂ ಅವನ ಬಂದೂಕುಗಾರರೂ ಆಗಿದ್ದರು. ಹಿಂದೂ ಅರಸನ ಪಕ್ಷದಲ್ಲಿ ನಿಂತು ಮುಸಲ್ಮಾನರ ಕೋಟೆಯ ಮೇಲೆ ಗುಂಡುಹಾರಿಸಿದ ಕ್ರೈಸ್ತರು! ದೋ ಆಬಿನ ಜನಕ್ಕೆ ಆಗ ಕ್ರೈಸ್ತನ ದರ್ಶನವಾದುದು ಈ ರೂಪದಲ್ಲಿ ಎಂಬುದನ್ನು ಮರೆಯಲಾಗದು. ಹೀಗಿದ್ದೂ, ನಾಲ್ವತ್ತು ವರ್ಷ ತುಂಬುವುದರೊಳಗೆ ಅದೇ ಬಿಜಾಪುರದ ಸೀಮೆಯ ಮುದಗಲ್ಲಿನಲ್ಲಿ ಒಂದು ಕ್ರೈಸ್ತ ದೇವಾಲಯ ನಿಂತಿತು. ಅದರ ಕಾಲವನ್ನು 1557 ಎಂದು ಹೇಳುವುದು ರೂಢಿ. ಗೋವೆಯಿಂದ ಬಂದ ಜೆಸ್ವಿತ್ ಪಾದ್ರಿಗಳು ಅಲ್ಲಿ ಒಂದು ಸಭೆಯನ್ನು ಕೂಡಿಸಿದರೆಂದೂ, ಬಿಜಾಪುರದ ಅರಸರು ಅದಕ್ಕೆ ಭೂಮಿಯನ್ನು ಬಿಟ್ಟುಕೊಟ್ಟರೆಂದೂ ಅಲ್ಲಿಯ ಪರಂಪರೆ ಹೇಳುತ್ತದೆ. ಜಪಮಾಲೆಯ ಮಾತೆಯ ಹೆಸರಿನ ಆ ದೇವಾಲಯ ಇಂದಿಗೂ ಆರಾಧನೆಯ ಸ್ಥಾನವಾಗಿದೆ.

ಅದೇ ಹೊತ್ತಿನಲ್ಲಿ ರಾಜಧಾನಿಯಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. 1558ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಅಲಿ ಆದಿಲಶಹನು ಗ್ರಂಥಪ್ರಿಯನು, ವಾದಪ್ರಿಯನು. ಗೋವೆಯ ಪ್ರಥಮ ಆರ್ಚ್‌ಬಿಷಪ್ಪನಾದ ಗಾಸ್ಪಾರನಿಗೆ ಹೇಳಿಕಳುಹಿಸಿ, ಕ್ರೈಸ್ತಶಾಸ್ತ್ರಗಳನ್ನು ಬಲ್ಲ ಪಂಡಿತರನ್ನು ತನ್ನ ಆಸ್ಥಾನಕ್ಕೆ ಕಳುಹಿಸಬೇಕೆಂದು ಕೇಳಿಕೊಂಡನು. 1561ರಲ್ಲಿ ಒಬ್ಬ ಜೆಸ್ವಿತನೂ ಒಬ್ಬ ಡೊಮಿನಿಕನ್ ಸನ್ಯಾಸಿಯೂ ಬಿಜಾಪುರಕ್ಕೆ ಬಂದರು. ಅರಸನೊಬ್ಬನು ಒಲಿದರೆ ನಾಡೆಲ್ಲ ಒಲಿದಂತೆಯೇ ಎಂಬ ಲೆಕ್ಕಾಚಾರ ಆ ಶತಮಾನದ ಪಾದ್ರಿಗಳನ್ನು ಎಲ್ಲೆಡೆಯೂ ಆಸ್ಥಾನಗಳ ಕಡೆಗೆ ಸೆಳೆಯುತ್ತಿತ್ತು. 1580ರಲ್ಲಿ ರುದೋಲ್ಫ್ ಅಕ್ವವೀವನು ಅಕ್ಬರನ ಫತೇಪುರ ಸೀಕ್ರಿಗೆ ಹೋದುದೂ ಇದೇ ಆಸೆಯಿಂದ. ಎರಡು ಕಡೆಗಳಲ್ಲಿಯೂ ಸತ್ಕಾರಕ್ಕೆ ಕೊರತೆಯಾಗಲಿಲ್ಲ, ಮಾತಿಗೂ ಕೊರತೆಯಾಗಲಿಲ್ಲ. ಅರಸರು ಮಾತ್ರ ಇದ್ದಂತೆಯೇ ಇದ್ದರು. ಬಿಜಾಪುರದ ಸಂಗತಿಯಲ್ಲಂತೂ ಆಸ್ಥಾನದ ಸ್ನೇಹ ಎಷ್ಟು ತೆಳುವಾದುದೆಂಬುದು ಬೇಗನೆ ತಿಳಿದುಬಂತು. ಪಾದ್ರಿಗಳನ್ನು ಆದರಿಸಿದ ಅದೇ ಅಲಿ ಆದಿಲಶಹನು 1570ರಲ್ಲಿ ಮಹಾಸೈನ್ಯದೊಡನೆ ಗೋವೆಯನ್ನು ಮುತ್ತಿದನು. ತಿಂಗಳುಗಟ್ಟಲೆ ಮುತ್ತಿಗೆ ನಡೆದು, ಪೋರ್ತುಗೀಸ್ ವೈಸರಾಯ್ ಲೂಯಿಸ್ ದ ಅತಾಯಿದೆಯು ಪಟ್ಟುಬಿಡದೆ ನಿಂತ ಬಳಿಕ, 1571ರ ಕೊನೆಗೆ ಸಂಧಿಯಾಯಿತು.

ನನಗೆ ಆಶ್ಚರ್ಯವೆನಿಸುವುದು ಇಲ್ಲಿಯೇ. ಬಿಜಾಪುರದ ದಂಡು ಗೋವೆಯ ಚರ್ಚುಗಳಿಗೆ ತೋಪುಗಳನ್ನು ಗುರಿಯಿಟ್ಟ ಆ ವರ್ಷಗಳನ್ನೂ ಮುದಗಲ್ಲಿನ ಸಭೆ ದಾಟಿ ಬಂತು. ಶತ್ರುಗಳ ಧರ್ಮವೆಂದು ಅದನ್ನು ಕಿತ್ತೊಗೆಯಲು ಅರಸನಿಗೆ ಕಾರಣವಿತ್ತು, ಸಾಮರ್ಥ್ಯವೂ ಇತ್ತು. ಕಿತ್ತೊಗೆಯಲಿಲ್ಲ. ಪರದೇಶದ ಗುರುವಿನ ಕೈಯಿಂದ ದೀಕ್ಷೆ ಪಡೆದಿದ್ದರೂ ಅಲ್ಲಿಯ ಭಕ್ತರು ಕನ್ನಡ ಮಾತಾಡುವ, ಅರಸನಿಗೆ ತೆರಿಗೆ ಕೊಡುವ ಪ್ರಜೆಗಳೇ ಆಗಿದ್ದರೆಂಬುದನ್ನು ಬಾದಶಹನ ಅಧಿಕಾರಿಗಳು ಕಂಡುಕೊಂಡಿರಬೇಕೆಂದು ನನ್ನ ಊಹೆ. ಅಲಿಯ ಉತ್ತರಾಧಿಕಾರಿಯಾದ ಎರಡನೆಯ ಇಬ್ರಾಹಿಮನು (1580–1627) ‘ಕಿತಾಬೆ ನವರಸ’ದಲ್ಲಿ ಸರಸ್ವತಿಯನ್ನು ಸ್ತುತಿಸಿ, ಪ್ರಜೆಗಳಿಂದ ಜಗದ್ಗುರುವೆನಿಸಿಕೊಂಡವನು, ಅಂಥವನ ಆಳ್ವಿಕೆಯಲ್ಲಿ ಶಿಲುಬೆಗೆ ಭಯವಿದ್ದಿರಲಾರದು. ತಾಳಿಕೋಟೆಯ ಯುದ್ಧವಾಗಿ ಒಂದು ದಶಕದೊಳಗೆ ನಮ್ಮ ತೊರಗಲ್ಲು, ಧಾರವಾಡ, ಬಂಕಾಪುರಗಳೂ ಇದೇ ಅರಸುಮನೆತನದ ವಶವಾದುವು. ಎಂದರೆ ಮುದಗಲ್ಲಿನ ಕ್ರೈಸ್ತನೂ ತೊರಗಲ್ಲಿನ ಲಿಂಗವಂತನೂ ಒಂದೇ ದರಬಾರಿಗೆ ಅಡ್ಡಬೀಳತೊಡಗಿದರು.

ಮುಂದೆ ಆದಿಲಶಾಹಿ ಅಳಿದು, ಮೊಗಲರು ಬಂದು, ನಿಜಾಮರ ಕಾಲವೂ ಬಂತು. ಗೋವೆಯಿಂದ ಗುರುಗಳು ಬರುವುದು ಎಷ್ಟೋ ವೇಳೆ ನಿಂತುಹೋಗುತ್ತಿತ್ತು. ಸುರಪುರದ ಸೀಮೆಯಲ್ಲಿ ಬಹುಕಾಲ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ಈ ಸಭೆಯ ವಿಷಯವಾಗಿ ಬರೆಯುತ್ತಾ, ಹಿಂದಿನ ಪಾದ್ರಿಗಳು ಕನ್ನಡದಲ್ಲಿ ರಚಿಸಿಟ್ಟ ಪ್ರಾರ್ಥನೆ ಮತ್ತು ಉಪದೇಶಗಳನ್ನು ಜನರು ಕಾಪಾಡಿಕೊಂಡು ಬಂದುದನ್ನು ಸ್ಮರಿಸಿದ್ದಾನೆ. ಗುರುವಿಲ್ಲದಾಗ ಬರಹವೇ ಗುರುವಾಯಿತು. ಆಸ್ಥಾನದಲ್ಲಿ ಪಾರಸಿಯ ದುಭಾಷಿಗಳ ಮೂಲಕ ನಡೆದ ಘನವಾದ ಚರ್ಚೆಗಳಿಂದ ಒಂದು ಕುಟುಂಬವೂ ಉಳಿಯಲಿಲ್ಲ. ಊರವರ ಮಾತಿನಲ್ಲಿ ಕಲಿಸಿದ ಪ್ರಾರ್ಥನೆಯಾದರೋ ಮೂರು ರಾಜ್ಯಗಳಿಗಿಂತ ಹೆಚ್ಚು ಬಾಳಿತು.

ಪ್ರಾಟೆಸ್ಟಂಟರ ಕಥೆ ನಮ್ಮ ಭಾಗಕ್ಕೆ ಇನ್ನೂ ಹತ್ತಿರದ್ದಾದರೂ ಈ ಪ್ರಬಂಧಕ್ಕೆ ಅದರಿಂದ ಬೇಕಾದುದು ಸ್ವಲ್ಪವೇ. 1820ರಲ್ಲಿ ಲಂಡನ್ ಮಿಷನ್ನಿನ ಜೋಸೆಫ್ ಟೇಲರನು ಬೆಳಗಾವಿಗೆ ಬಂದನು. 1837ರಲ್ಲಿ ಬಾಸೆಲ್ ಮಿಷನ್ನಿನವರು ಧಾರವಾಡದಲ್ಲಿ ನೆಲೆಯೂರಿ, ಅನಂತರ ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಿಗೆ ಹಬ್ಬಿದರು. ಇವರ ಶಾಲೆ, ಮುದ್ರಣ, ನಿಘಂಟುಗಳ ಕೀರ್ತಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದುದು ಕಾಲಜ್ಞಾನಿಗಳ ಪ್ರಸಂಗ. ಹಿಂದೂ ಮುಸಲ್ಮಾನ ಎರಡೂ ಆಚಾರಗಳನ್ನು ಬೆರೆಸಿಕೊಂಡ ಕೊಡೇಕಲ್ಲ ಬಸವಣ್ಣನ ಪರಂಪರೆ ಈ ಸೀಮೆಯಲ್ಲಿ ಪ್ರಬಲವಾಗಿತ್ತು. ಕಾಲಜ್ಞಾನದ ವಚನಗಳಲ್ಲಿ ನಂಬಿಕೆಯಿಟ್ಟ ಕೆಲವರು, ಬರಬೇಕೆಂದು ಹೇಳಿದವರು ಈ ಬಿಳಿಯ ಗುರುಗಳೇ ಇರಬಹುದೆಂದು ಭಾವಿಸಿ, 1840ರ ಸುಮಾರಿಗೆ ಮಿಷನರಿಗಳ ಬಳಿಗೆ ಬಂದರು. ಸಾವಿರಾರು ಜನ ಸಭೆಗೆ ಸೇರುವರೆಂಬ ಹಿಗ್ಗಿನಲ್ಲಿ ಮಿಷನ್ನಿನವರು 1841ರಲ್ಲಿ ಬೆಟಗೇರಿಯ ಸಮೀಪದ ಮಲ್ಲಸಮುದ್ರದಲ್ಲಿ ಅವರಿಗಾಗಿ ಒಂದು ಒಕ್ಕಲುತನದ ವಸತಿಯನ್ನೇ ಸ್ಥಾಪಿಸಿದರು. ಜನ ಬರಲಿಲ್ಲ. ಹಳೆಯ ದೇವರುಗಳನ್ನೆಲ್ಲ ಬಿಟ್ಟು ಒಬ್ಬನನ್ನೇ ಹಿಡಿಯಬೇಕೆಂಬ ಕಟ್ಟಳೆ, ಎರಡು ಧರ್ಮಗಳನ್ನು ಒಂದೇ ಜೋಳಿಗೆಯಲ್ಲಿ ಹೊತ್ತು ಅಭ್ಯಾಸವಾದವರಿಗೆ ಹಿಡಿಸಲಿಲ್ಲವೆಂದು ತೋರುತ್ತದೆ.

ಪ್ರಾಟೆಸ್ಟಂಟರಲ್ಲಿಯೇ, ಮುಸಲ್ಮಾನರ ನಡುವಿನ ಮಿಷನ್ ಕಾರ್ಯಕ್ಕೆ ಭಾರತದಲ್ಲಿ ಆದರ್ಶಪುರುಷನೆನಿಸಿದವನು ಹೆನ್ರಿ ಮಾರ್ಟಿನ್. ಹೊಸ ಒಡಂಬಡಿಕೆಯನ್ನು ಉರ್ದುವಿಗೂ ಪಾರಸಿಗೂ ತಂದು, 1812ರಲ್ಲಿ ತುರ್ಕರ ನಾಡಿನ ತೋಕಾತದಲ್ಲಿ ಮೂವತ್ತೊಂದನೆಯ ವಯಸ್ಸಿಗೇ ತೀರಿಕೊಂಡವನು. ಅವನ ಹೆಸರಿನಿಂದ 1930ರಲ್ಲಿ ಲಾಹೋರಿನಲ್ಲಿ ಆರಂಭವಾದ ವಿದ್ಯಾಸಂಸ್ಥೆ ಮುಸಲ್ಮಾನರಲ್ಲಿ ಪ್ರಚಾರ ಮಾಡುವವರನ್ನು ತರಬೇತುಗೊಳಿಸಲೆಂದು ಹುಟ್ಟಿತು. ಊರೂರು ಬದಲಿಸಿ, ಕಡೆಗೆ ನಿಜಾಮರ ಹಳೆಯ ರಾಜಧಾನಿಯಾದ ಹೈದರಾಬಾದಿಗೆ ಬಂದು ನೆಲೆಸಿ, ಕಾಲಕ್ರಮದಲ್ಲಿ ಪ್ರಚಾರವನ್ನು ಹಿಂದಿಟ್ಟು, ಗಲಭೆಗಳಿಂದ ಬೇರ್ಪಟ್ಟ ಜನರನ್ನು ಕೂಡಿಸುವ ಶಾಂತಿಕಾರ್ಯವನ್ನೇ ಮುಖ್ಯವಾಗಿ ಕೈಗೊಂಡಿತು. ಪಂಡಿತರು ಇದನ್ನು ದೊಡ್ಡ ಪರಿವರ್ತನೆಯೆಂದು ವರ್ಣಿಸುತ್ತಾರೆ. ಹೌದು, ದೊಡ್ಡದೇ.

ಆದರೆ ನಮ್ಮ ಹಳ್ಳಿಗಳ ಮಟ್ಟಿಗೆ ಜನರನ್ನು ಕೂಡಿಸುವ ಈ ವಿದ್ಯೆ ಹೊಸದಲ್ಲ. ಮುದಗಲ್ಲಿನ ಮೊಹರಮ್ಮಿಗೆ ಎಲ್ಲ ಜಾತಿಯವರೂ ಸುತ್ತಣ ಜಿಲ್ಲೆಗಳಿಂದ ಹರಕೆ ಹೊತ್ತು ಬರುತ್ತಾರೆ. ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಲ್ಲಂತೂ ಮುಸಲ್ಮಾನರ ಒಂದು ಮನೆಯೂ ಇಲ್ಲ. ಆದರೆ ಫಕೀರೇಶ್ವರ ಸ್ವಾಮಿಯ ಮಸೂತಿಯಿದೆ, ವರ್ಷಕ್ಕೊಮ್ಮೆ ಪಂಜಾಗಳನ್ನು ಹೊತ್ತು ಬೀದಿಬೀದಿಗಳಲ್ಲಿ ಮೆರವಣಿಗೆ ನಡೆಯುತ್ತದೆ. ಹಬ್ಬದ ದಿನಗಳಲ್ಲಿ ನೆರೆಯೂರಿನಿಂದ ಮೌಲವಿಯೊಬ್ಬರು ಬಂದು ತಮ್ಮ ವಿಧಿಯಂತೆ ಪ್ರಾರ್ಥನೆ ನಡೆಸಿಕೊಟ್ಟು ಹೋಗುತ್ತಾರೆ. ಉಳಿದ ದಿನಗಳಲ್ಲಿ ಅದೇ ಊರಿನ ಹಿಂದೂ ಪೂಜಾರಿ ದೀಪ ಹಚ್ಚಿ, ಬಂದವರ ಕಾಯಿಕರ್ಪೂರಗಳನ್ನು ಸ್ವೀಕರಿಸುತ್ತಾನೆ. ಧಾರವಾಡದ ಮಿಷನರಿಗಳು ಇಂಥ ಊರನ್ನು ಕಂಡಿದ್ದರೆ ವಿಗ್ರಹಾರಾಧನೆಯೆಂದು ತಮ್ಮ ವರದಿಯಲ್ಲಿ ಬರೆಯುತ್ತಿದ್ದರು. ಅಲಿ ಆದಿಲಶಹನ ಮೌಲವಿಗಳು ಕಂಡಿದ್ದರೂ ಅವರು ಬರೆಯುತ್ತಿದ್ದುದು ಹೆಚ್ಚುಕಡಮೆ ಅದನ್ನೇ.