ಸೋರುವ ಪ್ರೆಸ್ಸು ಮತ್ತು ವರಾಛಾದ ವಜ್ರ

ಸೂರತ್‌ನ ವರಾಛಾದಲ್ಲಿ ವಜ್ರಕ್ಕೆ ಸಾಣೆ ಹಿಡಿಯುವವರಲ್ಲಿ ಹೆಚ್ಚಿನವರು ಮೂಲತಃ ಸೂರತ್‌ನವರಲ್ಲ. ಅವರು ಸೌರಾಷ್ಟ್ರದ ಅಮ್ರೇಲಿ, ಭಾವನಗರ ಕಡೆಯ ಹಳ್ಳಿಗಳಿಂದ, ಮಳೆ ಕೈಕೊಟ್ಟ ಹೊಲಗಳನ್ನು ಬಿಟ್ಟು ಬಂದ ಕುಟುಂಬಗಳವರು. ಇಲ್ಲಿ ಅವರನ್ನು ರತ್ನಕಲಾಕಾರರು ಎನ್ನುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಗಣಿ ವಜ್ರದ ಬೇಡಿಕೆ ಕುಗ್ಗಿ, ಅವರಲ್ಲಿ ಅನೇಕರು ಕೆಲಸ ಕಳೆದುಕೊಂಡಿದ್ದಾರೆ. ಅದಕ್ಕೆ ಕಾರಣಗಳು ಹಲವು. ಅಗ್ಗದ ಲ್ಯಾಬ್ ವಜ್ರ ಅವುಗಳಲ್ಲೊಂದು.

ಈ ಲ್ಯಾಬ್ ವಜ್ರದ ವಂಶಾವಳಿ ಹುಡುಕಿಕೊಂಡು ಹೋದರೆ, ಮಿರುಗುವ ಪ್ರಯೋಗಾಲಯಕ್ಕಿಂತ ಮೊದಲು ಎದುರಾಗುವುದು ನೀರು ಸೋರುವ ಒಂದು ಹಳೆಯ ಹೈಡ್ರಾಲಿಕ್ ಪ್ರೆಸ್ಸು. ಅಂಥ ಹಳೆಯ ಯಂತ್ರಗಳು ಗುಜರಿ ಸೇರದೆ ದಶಕಗಟ್ಟಲೆ ದುಡಿಯುವುದು ಹೇಗೆ? ಉತ್ತರಕ್ಕೆ ಇನ್ನೂ ಹಿಂದಕ್ಕೆ, ಒಂದು ಚರ್ಮದ ತುಂಡಿನವರೆಗೆ ಹೋಗಬೇಕು.

ಹೈಡ್ರಾಲಿಕ್ ಸಿಲಿಂಡರಿನ ತತ್ವ 17ನೇ ಶತಮಾನದ ಪ್ಯಾಸ್ಕಲ್‌ನದು. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ. ಹಾಗಾಗಿ ಸಣ್ಣ ಪಿಸ್ಟನ್ನಿನ ಮೇಲೆ ಹಾಕಿದ ಬಲ, ಅದರ ನೂರು ಪಟ್ಟು ವಿಸ್ತೀರ್ಣದ ಪಿಸ್ಟನ್ನಿನಲ್ಲಿ ನೂರು ಪಟ್ಟಾಗುತ್ತದೆ. 10 ಸೆಂಟಿಮೀಟರ್ ಒಳವ್ಯಾಸದ ಸಿಲಿಂಡರಿಗೆ 200 ಬಾರ್ ಒತ್ತಡದ ಎಣ್ಣೆ ಕೊಟ್ಟರೆ ಅದು ಸುಮಾರು 16 ಟನ್ ಭಾರ ಎತ್ತಬಲ್ಲದು. ಕಾಗದದ ಮೇಲೆ ಇಷ್ಟೇ. ತೊಂದರೆ ಇದ್ದದ್ದು ಸೋರಿಕೆಯಲ್ಲಿ.

1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ ಜೋಸೆಫ್ ಬ್ರಾಮಾ ಯಾರ್ಕ್‌ಶೈರ್‌ನ ರೈತನ ಮಗ, ಬಡಗಿ ಕೆಲಸ ಕಲಿತವನು. ಪಿಸ್ಟನ್ನಿನ ಸುತ್ತ ಪ್ಯಾಕಿಂಗ್ ಬಿಗಿಯಾಗಿ ತುಂಬಿದರೆ ಅದು ಸಿಕ್ಕಿಕೊಂಡು ಕೆಳಗಿಳಿಯುತ್ತಿರಲಿಲ್ಲ. ಸಡಿಲ ಮಾಡಿದರೆ ನೀರು ಚಿಮ್ಮುತ್ತಿತ್ತು. ಇದನ್ನು ಬಿಡಿಸಿದ ಕೀರ್ತಿ ಸಾಮಾನ್ಯವಾಗಿ ಅವನ ವರ್ಕ್‌ಶಾಪಿನ ಮುಖ್ಯಸ್ಥ ಹೆನ್ರಿ ಮಾಡ್ಸ್ಲೆಗೆ ಸಲ್ಲುತ್ತದೆ. ಅವನು ಅಲ್ಲಿ ಕೂರಿಸಿದ್ದು ತುಟಿಯಂತೆ ಮಡಿಸಿದ ಚರ್ಮದ ಪಟ್ಟಿ. ನೀರು ಆ ಮಡಿಕೆಯೊಳಗೆ ನುಗ್ಗಿ ತುಟಿಗಳನ್ನು ಲೋಹಕ್ಕೆ ಒತ್ತುತ್ತದೆ. ಒತ್ತಡ ಹೆಚ್ಚಿದಷ್ಟೂ ಹಿಡಿತ ಬಿಗಿ, ಒತ್ತಡ ಇಳಿದರೆ ಹಿಡಿತ ಸಡಿಲ. ಸೈಕಲ್ ಪಂಪಿನೊಳಗಿನ ಬಟ್ಟಲಿನಾಕಾರದ ಚರ್ಮದ ವಾಷರ್ ನೆನಪಿಸಿಕೊಳ್ಳಿ. ಅದು ಒಣಗಿ ಗಾಳಿ ಬಿಡತೊಡಗಿದಾಗ ಎರಡು ಹನಿ ಎಣ್ಣೆ ಹಚ್ಚಿ ಮೆತ್ತಗೆ ಮಾಡುತ್ತಿದ್ದೆವಲ್ಲ, ಅದೇ ಉಪಾಯ ಇದು. ವಾರಕ್ಕೆ 30 ಶಿಲಿಂಗ್ ಸಂಬಳ ಸಾಲದೆಂದ ಮಾಡ್ಸ್ಲೆಗೆ ಹೆಚ್ಚು ಕೊಡಲು ಬ್ರಾಮಾ ಒಪ್ಪಲಿಲ್ಲ. 1797ರಲ್ಲಿ ಆತ ಹೊರಬಿದ್ದು ಸ್ವಂತ ವರ್ಕ್‌ಶಾಪ್ ತೆರೆದ.

ಚರ್ಮದ ಆ ಪಟ್ಟಿ ಯಂತ್ರದೊಳಗೆ ಒಂದು ಪಾಲುಪಟ್ಟಿಯನ್ನೇ ಮಾಡಿಬಿಟ್ಟಿತು. ಬೆಲೆಬಾಳುವ ಲೋಹ ಉಳಿಯಬೇಕು, ಅಗ್ಗದ ಚರ್ಮ ಸವೆಯಬೇಕು. ಸವೆದದ್ದನ್ನು ಬದಲಿಸಿದರೆ ಯಂತ್ರ ಮತ್ತೆ ದುಡಿಯುತ್ತದೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಪಶ್ಚಿಮ ಭಾರತಕ್ಕೆ ಬಂದ ಹೈಡ್ರಾಲಿಕ್ ಹತ್ತಿ ಪ್ರೆಸ್ಸುಗಳೂ ಇದೇ ತತ್ವದವು. ಮುಂದೆ ಚರ್ಮದ ಜಾಗಕ್ಕೆ ರಬ್ಬರ್ ಬಂತು. 1930ರ ದಶಕದಲ್ಲಿ ಜರ್ಮನಿಯಲ್ಲಿ ಎಣ್ಣೆಗೆ ಉಬ್ಬದ ನೈಟ್ರೈಲ್ ರಬ್ಬರ್ ತಯಾರಾಯಿತು. ಡೆನ್ಮಾರ್ಕ್‌ನಿಂದ ಅಮೆರಿಕಕ್ಕೆ ವಲಸೆ ಹೋಗಿದ್ದ ನೀಲ್ಸ್ ಕ್ರಿಸ್ಟೆನ್ಸನ್, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1939ರಲ್ಲಿ ಓ-ರಿಂಗ್‌ಗೆ ಪೇಟೆಂಟ್ ಪಡೆದ. ಲೋಹದಲ್ಲೊಂದು ಗಾಡಿ ಕೊರೆದು, ಅದರಲ್ಲಿ ರಬ್ಬರಿನ ಬಳೆ ಕೂರಿಸುವುದಷ್ಟೇ ಅದರ ವಿದ್ಯೆ.

ಹಳೆಯ ಸಿಲಿಂಡರನ್ನು ಮನೆಯ ಹಿಂದಿನ ಶೆಡ್ಡಿನಲ್ಲಿ ಬಿಚ್ಚಬಹುದು ಎಂಬ ಧೈರ್ಯ ಬರುವುದು ಇದರಿಂದಲೇ. ಒತ್ತಡ ಪೂರ್ತಿ ಇಳಿಸಿ, ಪೈಪು ಕಳಚಿ, ಬಾಯಿಯ ಮುಚ್ಚಳ ತಿರುಗಿಸಿದರೆ ರಾಡ್ ಪಿಸ್ಟನ್ ಸಮೇತ ಹೊರಬರುತ್ತದೆ. ಹಳೆಯ ಸೀಲುಗಳನ್ನು ಎಸೆಯಬಾರದು, ಅವು ಎಲ್ಲಿ ಹರಿದಿವೆ ಎಂಬುದೇ ರೋಗದ ಗುರುತು. ರಾಡಿನ ಕ್ರೋಮ್ ಲೇಪ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಹೊಸ ಸೀಲನ್ನೂ ಅದು ಕೆಲವೇ ದಿನದಲ್ಲಿ ಕೆರೆದುಹಾಕುತ್ತದೆ. ಆಗ ರಾಡನ್ನು ಉಜ್ಜಿ ಮತ್ತೆ ಹಾರ್ಡ್ ಕ್ರೋಮ್ ಮಾಡಿಸಬೇಕು, ಇಲ್ಲವೇ ಲೇತಿನಲ್ಲಿ ಹೊಸದು ಮಾಡಿಸಬೇಕು. ಬ್ಯಾರಲ್ಲಿನ ಒಳಗೋಡೆಯ ಸಣ್ಣ ಗೀರುಗಳನ್ನು ಹೋನಿಂಗ್ ಮಾಡಿ ತೆಗೆಯಬಹುದು, ಆಳದ ಗಾಯವನ್ನಲ್ಲ. ಯಂತ್ರದ ಪುಸ್ತಕ ಕಳೆದುಹೋಗಿದ್ದರೂ, ಅದನ್ನು ಮಾಡಿದ ಕಂಪನಿ ಮುಚ್ಚಿದ್ದರೂ, ರಾಡಿನ ವ್ಯಾಸ, ಬ್ಯಾರಲ್ಲಿನ ಒಳವ್ಯಾಸ, ಗಾಡಿಯ ಅಗಲ ಅಳೆದುಕೊಂಡು ಹೋದರೆ ಪೇಟೆಯಲ್ಲಿ ಸರಿಹೊಂದುವ ಸೀಲು ಸಾಮಾನ್ಯವಾಗಿ ಸಿಗುತ್ತದೆ.

ಇಂಥ ಶೆಡ್ಡುಗಳನ್ನು ಕೀಳಾಗಿ ನೋಡಬೇಕಿಲ್ಲ. ನಮ್ಮ ಹಳ್ಳಿಗಳಲ್ಲೂ ಯಂತ್ರದ ಹೆಸರೇ ಆಗಿಹೋಗಿರುವ ಜೆಸಿಬಿಯನ್ನು ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ 1945ರಲ್ಲಿ ಶುರುಮಾಡಿದ್ದು ಇಂಗ್ಲೆಂಡಿನ ಒಂದು ಬಾಡಿಗೆ ಗ್ಯಾರೇಜಿನಲ್ಲಿ. ಯುದ್ಧದಲ್ಲಿ ಮಿಕ್ಕ ಸಾಮಾನು ಜೋಡಿಸಿ ಮಾಡಿದ ಟ್ರೇಲರ್ ಅವನ ಮೊದಲ ಸರಕು. ಅದೇ ಕಂಪನಿ 2022ರಲ್ಲಿ ವಡೋದರಾ ಬಳಿಯ ಹಾಲೋಲ್‌ನಲ್ಲಿ ಕಾರ್ಖಾನೆ ತೆರೆಯಿತು. ನಮ್ಮಲ್ಲಿ ಹಲವರು ಸಾಫ್ಟ್‌ವೇರಿನ ಹೆಸರಾಗಿ ಮಾತ್ರ ಬಲ್ಲ ವಿಪ್ರೊ ಕೂಡ 1970ರ ದಶಕದಿಂದ ಹೈಡ್ರಾಲಿಕ್ ಸಿಲಿಂಡರ್ ತಯಾರಿಸುತ್ತ ಬಂದಿದೆ.

ಆದರೆ ಧೈರ್ಯದ ಜೊತೆ ಭಯವೂ ಇರಬೇಕು. 1849ರಲ್ಲಿ ವೇಲ್ಸ್‌ನ ಬ್ರಿಟಾನಿಯಾ ಸೇತುವೆಯ ಭಾರಿ ಕಬ್ಬಿಣದ ಕೊಳವೆಯನ್ನು ಹೈಡ್ರಾಲಿಕ್ ಪ್ರೆಸ್ಸಿನಿಂದ ಎತ್ತುತ್ತಿದ್ದಾಗ ಸಿಲಿಂಡರಿನ ತಳ ಒಡೆದುಹೋಯಿತು. ಎತ್ತಿದಷ್ಟಕ್ಕೂ ಅಡಿಯಲ್ಲಿ ಆಧಾರ ಕಟ್ಟುತ್ತ ಹೋಗಬೇಕೆಂದು ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್ ಪಟ್ಟುಹಿಡಿದಿದ್ದ. ಅದರಿಂದಾಗಿ ಕೊಳವೆ ಕೆಲವೇ ಅಂಗುಲ ಕುಸಿದು ನಿಂತಿತು. ಜಾಕಿನ ಮೇಲೆ ನಿಂತ ಟ್ರ್ಯಾಕ್ಟರಿನ ಕೆಳಗೆ ಮರದ ದಿಮ್ಮಿ ಇಡದೆ ತೂರಬೇಡ ಎಂದು ಮೇಸ್ತ್ರಿ ಬೈಯುವುದರ ಹಿಂದೆ ಇರುವುದೂ ಇದೇ ಪಾಠ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಕೈಯ ಚರ್ಮ ಸೀಳಿ ಒಳಹೊಗುತ್ತದೆ. ಸೋರಿಕೆಯನ್ನು ರಟ್ಟಿನ ತುಂಡು ಹಿಡಿದು ಹುಡುಕಬೇಕು, ಬೆರಳಿನಿಂದಲ್ಲ.

ಈಗ ವಜ್ರಕ್ಕೆ ಬರೋಣ. ಸ್ವೀಡನ್ನಿನ ಎಎಸ್‌ಇಎ ಕಂಪನಿ 1953ರಲ್ಲೇ ಕೃತಕ ವಜ್ರ ಮಾಡಿದ್ದರೂ ಆಗ ಬಾಯಿಬಿಡಲಿಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಇದೇ ಯತ್ನಕ್ಕೆಂದು 1,000 ಟನ್ ಸಾಮರ್ಥ್ಯದ ಹೊಸ ಪ್ರೆಸ್ ತರಿಸಿತ್ತು. ರಸಾಯನವಿಜ್ಞಾನಿ ಟ್ರೇಸಿ ಹಾಲ್‌ಗೆ ಸಿಕ್ಕಿದ್ದು 400 ಟನ್ನಿನ ಹಳೆಯ ವಾಟ್ಸನ್-ಸ್ಟಿಲ್‌ಮನ್ ಪ್ರೆಸ್. ಅದು ಎಷ್ಟು ಸೋರುತ್ತಿತ್ತೆಂದರೆ ಆತ ರಬ್ಬರ್ ಬೂಟು ಹಾಕಿಕೊಂಡು ಕೆಲಸ ಮಾಡುತ್ತಿದ್ದನಂತೆ. ಹೊಸ ಬಿಡಿಭಾಗಕ್ಕೆ ಹಣ ಮಂಜೂರಾಗದಿದ್ದಾಗ ವರ್ಕ್‌ಶಾಪಿನ ಗೆಳೆಯನೊಬ್ಬನಿಂದ ಅದನ್ನು ಮಾಡಿಸಿಕೊಂಡ. 1954ರ ಡಿಸೆಂಬರ್ 16ರಂದು ಆ ಪ್ರೆಸ್ಸಿನಲ್ಲಿ ಅವನಿಗೆ ವಜ್ರ ಸಿಕ್ಕಿತು. ಕಂಪನಿ ಕೊಟ್ಟ ಇನಾಮು 10 ಡಾಲರಿನ ಉಳಿತಾಯ ಬಾಂಡ್. ಮರುವರ್ಷವೇ ಆತ ಕಂಪನಿ ಬಿಟ್ಟ. ಆಮೇಲೆ ನಾಲ್ಕು ಸಿಲಿಂಡರುಗಳು ನಾಲ್ಕು ದಿಕ್ಕಿನಿಂದ ಒತ್ತುವ ಹೊಸ ಪ್ರೆಸ್ಸನ್ನು ರೂಪಿಸಿದ. ಇಂದು ಚೀನಾದಲ್ಲಿ ವಜ್ರ ಬೆಳೆಸುವ ಪ್ರೆಸ್ಸುಗಳಲ್ಲಿ ಆರು ಸಿಲಿಂಡರುಗಳಿರುತ್ತವೆ.

ಸೂರತ್‌ನ ಲ್ಯಾಬ್ ವಜ್ರ ಹೆಚ್ಚಾಗಿ ಬೇರೆ ದಾರಿಯದು, ಅನಿಲದಿಂದ ಪದರ ಪದರವಾಗಿ ಬೆಳೆಸಿದ್ದು. ಆದರೆ ವಜ್ರವನ್ನು ಕೈಯಾರೆ ಮಾಡಬಹುದು ಎಂಬ ನಂಬಿಕೆ ಗಟ್ಟಿಯಾದದ್ದು ಪ್ರೆಸ್ಸಿನಿಂದ. ಈಗ ವರಾಛಾದಲ್ಲಿ ಗಣಿ ವಜ್ರದ ಕೆಲಸ ತಪ್ಪಿದವರಲ್ಲಿ ಕೆಲವರು ಲ್ಯಾಬ್ ವಜ್ರಕ್ಕೇ ಸಾಣೆ ಹಿಡಿಯುತ್ತಿದ್ದಾರೆ. ಅದೇ ಘಂಟಿ, ಅದೇ ಕೈ. ಸವೆದ ಸಿಲಿಂಡರನ್ನು ಬಿಸಾಡದೆ ಬಿಚ್ಚಿ ನೋಡುವ ಪದ್ಧತಿ ನಮ್ಮ ಶೆಡ್ಡುಗಳಲ್ಲಿ ಇನ್ನೂ ಇದೆ. ಯಾವ ಭಾಗ ಸವೆಯಬೇಕು, ಯಾವುದು ಉಳಿಯಬೇಕು ಎಂದು ಸಿಲಿಂಡರಿನ ಮಟ್ಟಿಗೆ ಇನ್ನೂರು ವರ್ಷದ ಹಿಂದೆಯೇ ತೀರ್ಮಾನವಾಗಿದೆ. ಇಪ್ಪತ್ತು ವರ್ಷ ಸಾಣೆ ಹಿಡಿದು, ಈಗ ಕೆಲಸವಿಲ್ಲದೆ ಅಮ್ರೇಲಿಯ ಬಸ್ಸು ಹತ್ತುವವನ ವಿಷಯದಲ್ಲಿ ಆ ತೀರ್ಮಾನವನ್ನು ಮಾಡುವವರು ಯಾರು?