ಕ್ರೂಕೆಡ್ ಹೌಸ್
ಅಗಾಥಾ ಕ್ರಿಸ್ಟಿ (1890–1976) ಬರೆದ ಇಂಗ್ಲಿಷ್ ಪತ್ತೇದಾರಿ ಕಾದಂಬರಿ. ಮೊದಲ ಮುದ್ರಣ 1949. ಲಂಡನ್ ಹೊರವಲಯದ ಮನೆಯಲ್ಲಿ ಮೂರು ತಲೆಮಾರಿನ ಕುಟುಂಬದೊಡನೆ ಬಾಳುವ ಸಿರಿವಂತ ಮುದುಕ ಅರಿಸ್ಟೈಡ್ ಲಿಯೊನಿಡೀಸ್ ಕೊಲೆಯಾಗುತ್ತಾನೆ. ಸಕ್ಕರೆ ಕಾಯಿಲೆಗೆ ಚುಚ್ಚುವ ಇನ್ಸುಲಿನ್ ಸೀಸೆಯಲ್ಲಿ ಅವನದೇ ಕಣ್ಣಿನ ಔಷಧಿ ಎಸರಿನ್ ತುಂಬಿರುತ್ತದೆ. ಅನುಮಾನ ಮೊದಲು ಬೀಳುವುದು ಕಿರಿವಯಸ್ಸಿನ ಎರಡನೆಯ ಹೆಂಡತಿಯ ಮೇಲೆ. ಮೊಮ್ಮಗಳು ಸೋಫಿಯಾಳನ್ನು ಪ್ರೀತಿಸುವ ಚಾರ್ಲ್ಸ್ ಹೇವರ್ಡ್ ಕಥೆಯ ನಿರೂಪಕ. ಬಳಿಕ ಮನೆಯ ದಾದಿಯೂ ವಿಷ ಬೆರೆಸಿದ ಕೋಕೋ ಕುಡಿದು ಸಾಯುತ್ತಾಳೆ. ಕೊಲೆಗಾರ್ತಿ, ಎಲ್ಲರ ಗುಟ್ಟನ್ನೂ ಪುಸ್ತಕದಲ್ಲಿ ಬರೆದಿಡುವ ಎಳೆಯ ಮೊಮ್ಮಗಳು ಜೋಸೆಫೀನ್. ಬ್ಯಾಲೆ ನೃತ್ಯ ಕಲಿಯಲು ತಾತ ಒಪ್ಪದಿದ್ದುದೇ ಮೊದಲ ಕೊಲೆಗೆ ಕಾರಣ. ಕ್ರಿಸ್ಟಿಯ ಹೆಸರಾಂತ ಪತ್ತೇದಾರರಾದ ಪೊಯ್ರೊ, ಮಿಸ್ ಮಾರ್ಪಲ್ ಇಬ್ಬರೂ ಇಲ್ಲದ ಈ ಕೃತಿ ಕ್ರಿಸ್ಟಿಗೆ ಅಚ್ಚುಮೆಚ್ಚಿನದಾಗಿತ್ತು. ಮಕ್ಕಳೆಲ್ಲ ಮುಗ್ಧರೆಂಬ ನಂಬಿಕೆಯನ್ನೇ ಅಲುಗಾಡಿಸಿದ ದಿಟ್ಟತನ ಇದರ ಹಿರಿಮೆ. 2017ರಲ್ಲಿ ಚಲನಚಿತ್ರವಾಯಿತು.